ಎರಡನೇ ಸೇತುವೆಯ ಜಾಗ

ಎರಡನೇ ಸೇತುವೆಗೆ ಜಾಗ ಬೇಕೆಂದು ಟೈಲರಮ್ಮನ ಮನೆಯನ್ನು ಕೆಡವಿದರು. ಸೇತುವೆಯನ್ನು ಕಟ್ಟಲಿಲ್ಲ.

ಇವತ್ತು ಆಕೆಯ ಶವ ಹೊತ್ತ ವ್ಯಾನು ಹಳೆಯ ಸೇತುವೆಯ ಟೋಲ್ ಗೇಟಿನೆದುರು ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಸ್ಮಶಾನ ಹೊಳೆಯಾಚೆ. ಮಗಳು ತಾಯಿಯ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಇನ್ನೂ ಎಷ್ಟು ಹೊತ್ತಪ್ಪಾ?" ಸೋದರಮಾವ ಡ್ರೈವರನ್ನು ಕೇಳಿದ.

"ಮುಂದಿನೋರು ಜರುಗಿದ್ರೆ ನಾವೂ ಜರುಗ್ತೀವಿ ಯಜಮಾನ್ರೇ. ಒಂದು ಗೇಟು ಮುಚ್ಚಿದಾರೆ."

ಮಾವ ಪಕ್ಕದ ಖಾಲಿ ಜಾಗದತ್ತ ಕೈ ತೋರಿದ. "ಅಗೋ, ನಮ್ಮಕ್ಕನ ಅಡುಗೆಮನೆ. ಮುಳ್ಳುತಂತಿ ಬೇರೆ ಹಾಕಿದಾರೆ, ಯಾರಾದ್ರೂ ಒಲೆ ಕದ್ದುಕೊಂಡು ಹೋದಾರು ಅಂತ!"

ಮಗಳು ನಗಲಿಲ್ಲ. ಡ್ರೈವರು ಹೇಳಿದ ಆ ಟೋಲ್ ಗೇಟನ್ನು ದಿನಾ ಮುಚ್ಚುತ್ತಿದ್ದವಳು ಅವಳೇ.

*

ಮನೆ ಹೋದದ್ದಕ್ಕೆ ಬದಲಾಗಿ, ಸೇತುವೆಯ ಟೋಲ್ ವಸೂಲಿ ಮಾಡುವ ಕಂಪನಿ ಅವಳಿಗೆ ಟೋಲಿನಲ್ಲಿ ಕೆಲಸ ಕೊಟ್ಟಿತ್ತು. ವಾಹನಗಳ ಓಡಾಟ ಒಂದೇ ಒಂದು ದಿನ ಗೊತ್ತುಮಾಡಿದ ಮಿತಿ ದಾಟಿದರೂ ಕಂಪನಿ ಎರಡನೇ ಸೇತುವೆ ಕಟ್ಟಲೇಬೇಕೆಂದು ಸರ್ಕಾರಕ್ಕೂ ಕಂಪನಿಗೂ ಕರಾರು. ಕಟ್ಟುವುದಕ್ಕಿಂತ ಜನರನ್ನು ಬೇಸರಪಡಿಸುವುದು ಅಗ್ಗ. ಓಡಾಟ ಮಿತಿಯ ಹತ್ತಿರ ಬಂದ ಕೂಡಲೇ ಮ್ಯಾನೇಜರು ಸನ್ನೆ ಮಾಡುತ್ತಿದ್ದ. ಅವಳು ಗೇಟು ಮುಚ್ಚುತ್ತಿದ್ದಳು. ಕಾದು ಸೋತವರು ಸುತ್ತುದಾರಿ ಹಿಡಿಯುತ್ತಿದ್ದರು.

ಬಾಡಿಗೆ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ತಾಯಿ ಒಂದು ಸಂಜೆ ಕೇಳಿದ್ದಳು: "ಯಾವಾಗಂತೆ ಕಟ್ಟೋದು?"

"ಗಾಡಿಗಳು ಇನ್ನೂ ಸಾಲದಂತಮ್ಮ. ಬೇಡಿಕೆ ಬರ್ಲಿ ಅಂತಾರೆ."

"ಬೇಡಿಕೆಗೆ ಕಾಯೋರು ಮನೆ ಕೆಡವೋಕೆ ಕಾಯ್ಲಿಲ್ವಲ್ಲೇ." ತಾಯಿ ಹಲ್ಲಿನಲ್ಲಿ ದಾರ ಕಡಿದಳು. "ಹೋಗ್ಲಿ, ಊಟ ಮಾಡು ಬಾ."

ಗೇಟಿನ ಸಂಗತಿ ಮಗಳ ಬಾಯಿಗೆ ಬಂದು ಅಲ್ಲೇ ನಿಂತಿತ್ತು.

*

ಮ್ಯಾನೇಜರು ವ್ಯಾನಿನ ಬಳಿ ಬಂದು ಶವಕ್ಕೆ ಕೈ ಮುಗಿದ. ದನಿ ತಗ್ಗಿಸಿದ. "ತುಂಬಾ ಬೇಜಾರಾಯ್ತು ಕಣಮ್ಮ. ಈ ಸಾಲು ಸದ್ಯಕ್ಕೆ ಕರಗಲ್ಲ. ಇವತ್ತು ಮಿತಿ ಅಂಚಿಗೆ ಬಂದಿದೆ, ನಿನಗೇ ಗೊತ್ತಲ್ಲ. ಸುತ್ತುದಾರೀಲಿ ಹೋಗಿ ಅಂತ ನಿಮ್ಮೋರಿಗೆ ಹೇಳು."

"ಏನೇ ಅದು ಮಿತಿ?" ಮಾವ ಕೇಳಿದ.

"ಸೇತುವೆ ಕಟ್ಟಬಾರ್ದು ಅಂತ ಗೇಟು ಮುಚ್ಚಿಸ್ತಾರೆ ಮಾವ. ಮುಚ್ತಾ ಇದ್ದೋಳು ನಾನು."

ಅವಳು ತಾಯಿಯ ತಲೆಯನ್ನು ಮಾವನ ಕೈಗೆ ಕೊಟ್ಟು ಕೆಳಗಿಳಿದಳು. ಮುಚ್ಚಿದ್ದ ಗೇಟಿಗೆ ನಡೆದು ಅಡ್ಡಗಂಬ ಎತ್ತಿದಳು.

"ಆಯ್ತು, ನಿಮ್ಮ ಗಾಡಿ ಹೋಗ್ಲಿ," ಮ್ಯಾನೇಜರು ಹಿಂದೆಯೇ ಓಡಿಬಂದ. "ಅದು ದಾಟಿದ ತಕ್ಷಣ ಮುಚ್ಚು."

ವ್ಯಾನು ಸಾಲು ಬಿಟ್ಟು ಆ ಗೇಟು ದಾಟಿತು. "ಹತ್ತು ಬಾರೇ!" ಮಾವ ಕೂಗಿದ.

"ನೀವು ನಡೀರಿ ಮಾವ. ಬರ್ತೀನಿ."

"ಮುಚ್ಚು ಅಂದೆ!" ಮ್ಯಾನೇಜರು ಗದರಿದ.

"ಮುಚ್ಚಲ್ಲ."

ತಾಯಿಯ ವ್ಯಾನು ಸೇತುವೆಯ ಮೇಲೆ ಚಿಕ್ಕದಾಗುತ್ತಿತ್ತು. ಮಗಳು ಅಡ್ಡಗಂಬಕ್ಕೆ ಹೆಗಲು ಕೊಟ್ಟು ನಿಂತಿದ್ದಳು. ಅದರಡಿಯಲ್ಲಿ ಒಂದು ಲಾರಿ, ಅದರ ಹಿಂದೆ ಬಸ್ಸು, ಅದರ ಹಿಂದೆ ಇನ್ನೊಂದು ಲಾರಿ.