ಹದಿನೆಂಟು ಮಕ್ಕಳು

'ಯಾರಾದರೂ ಮುಖ ನೋಡಿ ಕೇಳಿದರೆ ನಾನು ಹ್ಞೂಂ ಅಂದುಬಿಡುತ್ತೇನೆ. ಇದು ಒಳ್ಳೆಯತನ ಇರಲಾರದು' ಎಂದು ಶರ್ವಾಣಿ ಹಿಂದಿನ ದಿನವಷ್ಟೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಈಗ ಕೆ.ಆರ್. ಪುರದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್‌ನಲ್ಲಿ ನಿಂತು, ಮ್ಯಾನೇಜರು ತೋರಿಸಿದ ತೊಟ್ಟಿಲುಗಳಿಗೆ, ಗೋಡೆಯ ಮೇಲಿನ ಆನೆಗೆ, ಸ್ಟೀಲಿನ ಹಾಲಿನ ಲೋಟಗಳಿಗೆ, ಒಂದೊಂದಕ್ಕೂ ಹ್ಞೂಂ ಅನ್ನುತ್ತಿದ್ದಳು.

ಕಂಪನಿಗಳು ಪರಿಸರಕ್ಕೆ, ಜನಕ್ಕೆ ಏನು ಮಾಡಿದವು ಎಂಬ ವಾರ್ಷಿಕ ವರದಿ ಬರೆದುಕೊಡುವ ಇಂದಿರಾನಗರದ ಸಣ್ಣ ಆಫೀಸೊಂದರಲ್ಲಿ ಅವಳಿಗೆ ಕೆಲಸ. ಈ ಸಲ ಕಾರ್ಖಾನೆಯ ಬಟ್ಟೆ ಕೊಳ್ಳುವ ವಿದೇಶದ ಬಯ್ಯರ್‌ಗಳು ಮಕ್ಕಳ ಹಕ್ಕಿಗೂ ಒಂದು ಪುಟ ಇರಲಿ ಅಂದಿದ್ದರು. ಬಾಲಕಾರ್ಮಿಕರು: ಇಲ್ಲ. ಕ್ರೆಷ್‌ನಲ್ಲಿರುವ ಮಕ್ಕಳು: ಅವಳು ಎರಡು ಸಲ ಎಣಿಸಿದಳು. ಹದಿನೆಂಟು.

ಚಡ್ಡಿ ಹಿಡಿದುಕೊಂಡ ಹುಡುಗನೊಬ್ಬ ಬಾತ್‌ರೂಮ್ ಎಲ್ಲಿ ಎಂದು ಕೇಳಿದಾಗ ಉಳಿದ ಮಕ್ಕಳೂ ಸುತ್ತಮುತ್ತ ನೋಡಿದವು. ಮ್ಯಾನೇಜರು ಫೋನು ಹಿಡಿದು ಹೊರಗೆ ಹೋದಾಗ, ಮಗಳಿಗೆ ಹಾಲು ಕುಡಿಸುತ್ತಿದ್ದ ಹೆಂಗಸು ಹತ್ತಿರ ಸರಿದಳು. ಕೊರಳಿನ ಗುರುತುಚೀಟಿಯಲ್ಲಿ ಅಮೃತಮ್ಮ ಎಂದಿತ್ತು.

"ಚೆಕ್ ಮಾಡಾಕ ಬಂದವ್ರು ನೀವ ಏನ್ರಿ ಅಕ್ಕಾರ?"

"ಹ್ಞೂಂ."

"ದಿನಾ ಬರ್ರಿ ಹಂಗಾದ್ರ." ಅವಳು ನಕ್ಕಳು. "ನೀವು ಬರೂ ದಿನ ಅಷ್ಟ ಕೂಸು ಕರ್ಕೊಂಡ್ ಬಾ ಅಂತಾರ. ಉಳಿದ ದಿನ ಈಕೀನ್ನ ಬೈಯಪ್ಪನಹಳ್ಳಿ ರೂಮಿನಾಗ ಬಿಟ್ಟು ಕೀಲಿ ಹಾಕ್ಕೊಂಡ್ ಬರ್ತೀನ್ರಿ. ಸ್ಟೋ ಕಡೀಗಿ ಹೋಗಬಾರದಂತ ಸೀರಿಲೇ ಮಂಚದ ಕಾಲಿಗಿ ಕಟ್ಟಿರ್ತೀನಿ."

ಮಗು ಶರ್ವಾಣಿಯ ಪೆನ್ನಿಗೆ ಕೈಚಾಚಿತು. ತಾಯಿ ಆ ಕೈಯನ್ನು ಹಿಡಿದುಕೊಂಡಳು.

"ನಾ ಹೇಳೀನಿ ಅಂತ ಮಾತ್ರ ಎಲ್ಲೂ ಅನಬ್ಯಾಡ್ರಿ. ಕೆಲಸ ಹೋಗ್ತದ."

ನಾಲ್ಕು ಗಂಟೆಗೆ ಶರ್ವಾಣಿ ಆಫೀಸಿಗೆ ಮರಳಿದಾಗ ಅವಳ ಬಾಸ್ ಸುದರ್ಶನ್ ಸಾರ್ ಇನ್ನೂ ಮಧ್ಯಾಹ್ನದ ಡಬ್ಬಿ ತೆಗೆದಿರಲಿಲ್ಲ. ವರದಿ ಸಂಜೆಯೇ ಪ್ರಿಂಟಿಗೆ ಹೋಗಬೇಕಿತ್ತು. ಅವಳ ಹಾಳೆಯನ್ನು ನೋಡುತ್ತಾ ಅವರ ಮುಖ ಹಗುರಾಯಿತು.

"ಹದಿನೆಂಟು ಮಕ್ಳು. ಸಕ್ಕತ್ತಾಗಿದೆ ಕಣ್ರೀ. ಕಾರ್ಬನ್ನು, ಕರೆಂಟು ಅಂತ ನಲವತ್ತು ಪೇಜ್ ಬರ್ದಿದ್ದೀನಿ, ನಮ್ಮನೆಯವಳು ಒಂದನ್ನೂ ತಿರುಗಿಸಿ ನೋಡಲ್ಲ. ಇದನ್ನ ತೋರಿಸ್ಬೋದು." ಕೀಬೋರ್ಡಿನ ಮೇಲೆ ಬೆರಳಿಟ್ಟರು. "ಪ್ರತಿದಿನ ಹದಿನೆಂಟು ಅಂತಾನೇ ಹಾಕ್ತೀನಿ. ಸರಿ ತಾನೆ?"

ತಾಯಿಯೊಬ್ಬಳು ಹೇಳಿದಳು ಅಂದರೆ ಸಾಕು, ಹದಿನೆಂಟು ತಾಯಂದಿರಲ್ಲಿ ಯಾರೆಂದು ಹುಡುಕುವುದು ಕಾರ್ಖಾನೆಯವರಿಗೆ ಅರ್ಧ ಗಂಟೆಯ ಕೆಲಸ. ಸುಮ್ಮನಿದ್ದರೆ ನಾಳೆ ಮತ್ತೆ ಸೀರೆ, ಮಂಚದ ಕಾಲು. ಯಾರೂ ಹೇಳದೆ, ತನ್ನ ಕಣ್ಣಿಗೇ ಕಂಡದ್ದು ಏನಾದರೂ ಇದೆಯೇ ಎಂದು ಅವಳು ಆ ಕೋಣೆಯನ್ನು ಮನಸ್ಸಿನಲ್ಲೇ ಇನ್ನೊಂದು ಸುತ್ತು ನೋಡಿ ಬಂದಳು.

"ಶರ್ವಾಣಿ? ಹಾಕ್ಲಾ?"

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಬೇಡ ಸಾರ್," ಅಂದಳು. "ಬಾತ್‌ರೂಮ್ ಯಾವ ಕಡೆ ಇದೆ ಅಂತ ಅಲ್ಲಿ ಒಂದ್ ಮಗೂಗೂ ಗೊತ್ತಿರ್ಲಿಲ್ಲ."