ಅಣ್ಣನ ಮುಂಗೈಯ ಜರಿಹುಳು

ಸ್ಪಿರಿಟ್‌ನ ವಾಸನೆ, ಅದರ ಮೇಲೆ ಅಣ್ಣನ ದುಬೈ ಸೆಂಟು, ಥೂ, ರಕ್ತನಿಧಿಯ ಬಾಗಿಲಿಗೂ ಘಮಘಮಿಸಿಕೊಂಡೇ ಬರಬೇಕಿತ್ತೇ ಇವನು, ಅಶ್ಮಿತಾ ಮೂಗು ತಿರುಗಿಸಿದಳು, ನಾಳೆ ಬೆಳಿಗ್ಗೆ ಏಳಕ್ಕೆ ಪಪ್ಪನ ಆಪರೇಶನ್, ಬೇಕಾದದ್ದು ಎರಡು ಬಾಟ್ಲಿ ಓ ನೆಗೆಟಿವ್, ಸಿಕ್ಕಿದ್ದು ಒಂದು, ಇನ್ನೊಂದನ್ನು ತಾನು ಕೊಡುತ್ತೇನೆಂದು ವಿಮಾನ ಇಳಿದವನೇ ನೇರ ಅತ್ತಾವರದ ಆಸ್ಪತ್ರೆಗೆ ಬಂದು ಕೌಂಟರಿನ ಮುಂದೆ ತೋಳು ಮಡಚಿ ನಿಂತಿದ್ದಾನೆ ಹಿತೇಶಣ್ಣ, ಮುಂಗೈ ತುಂಬ ಕಪ್ಪು ಜರಿಹುಳು, ಎರಡೂ ಬದಿಗೆ ಕಾಲುಗಳ ಸಾಲು, ಸಿಸ್ಟರ್ ಗ್ಲೆನಿಟಾ ಅದನ್ನು ನೋಡಿದವರೇ ಪೆನ್ನು ಕೆಳಗಿಟ್ಟರು. ಇದು ಯಾವಾಗ ಹಾಕಿಸಿದ್ದು. ನಾಲ್ಕು ತಿಂಗಳಾಯ್ತು ಸಿಸ್ಟರ್. ಹಾಗಾದ್ರೆ ಆಗುದಿಲ್ಲ, ಹಚ್ಚೆ ಹಾಕಿಸಿ ವರ್ಷ ಆಗ್ಬೇಕು. ಹೋಯಿತು, ಅಷ್ಟು ದೂರದಿಂದ ಹಾರಿ ಬಂದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಅಪ್ಪನಿಗೆ ಒಂದು ಬಾಟ್ಲಿ ರಕ್ತ ಕೊಡಲಾಗದ ಮಗ, ಚರ್ಮದ ಮೇಲೆ ಮಾತ್ರ ಚಿತ್ತಾರ — ಆ ವೀಡಿಯೊವನ್ನು ಫ್ಯಾಮಿಲಿ ಗ್ರೂಪಿಗೆ ಬೇರೆ ಹಾಕಿದ್ದ, ಫಿಲಿಪೈನ್ಸ್‌ನ ಗುಡ್ಡದಲ್ಲಿರುವ ಕಾಲಿಂಗ ಜನರ ಹಚ್ಚೆಯಂತೆ, ಜೊತೆಗೆ ಕೆಲಸ ಮಾಡುವವನ ಮದುವೆಗೆಂದು ಅವನ ಊರಿಗೆ ಹೋಗಿದ್ದಾಗ ಹಾಕಿಸಿಕೊಂಡದ್ದು, ಕಳಿಂಗ ಅಂದ್ರೆ ಒಡಿಶಾದಲ್ಲಿ ಅಲ್ವಾ ಮಗಾ, ಪುರಿ ಪ್ರಸಾದ ತಂದಿದ್ದೀಯಾ ಎಂದು ಕೇಳಿದ್ದರು ಕಿನ್ನಿ ದೊಡ್ಡಮ್ಮ, ಪಾಪ. ವೀಡಿಯೊದಲ್ಲಿ ಒಬ್ಬಳು ಮುದುಕಿ, ಕೋಲಿನ ತುದಿಗೆ ಸಿಕ್ಕಿಸಿದ ನಿಂಬೆಮುಳ್ಳು, ಮಸಿ, ಇನ್ನೊಂದು ಕೋಲಿನಿಂದ ಟಕ್ ಟಕ್, ಮೂರು ಗಂಟೆ, ಇವನು ಹಲ್ಲು ಕಚ್ಚಿಕೊಂಡು ಕ್ಯಾಮೆರಾಕ್ಕೆ ನಗುತ್ತಿದ್ದಾನೆ, ಅಲ್ಲಿ ಜರಿಹುಳು ಅಂದರೆ ಕಾವಲಂತೆ, ಯೋಧರ ಜೊತೆಗೆ ಬರುತ್ತದಂತೆ, ಯೋಧನಂತೆ ಯೋಧ, ನಳ್ಳಿ ನೀರಿನ ಸಾಲಿನಲ್ಲಿ ಜಗಳವಾದರೆ ಅಮ್ಮನ ಸೆರಗಿನ ಹಿಂದೆ ನುಗ್ಗುತ್ತಿದ್ದವನು. ಅಶ್ಮಿತಾ ಆ ವೀಡಿಯೊವನ್ನು ಅರ್ಧಕ್ಕೇ ನಿಲ್ಲಿಸಿದ್ದಳು, ಮುಳ್ಳು ಒಳಗಿಳಿಯುವುದನ್ನು ನೋಡಲಾಗದೆ.

ಇದು ಶೋಕಿಗೆ ಹಾಕಿಸಿದ್ದಲ್ಲ ಸಿಸ್ಟರ್. ಬಂತು ಪುರಾಣ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಎಷ್ಟು ಜನರ ಮುಂದೆ ಊದಿದ್ದಾನೋ ಇದೇ ತುತ್ತೂರಿ — ನಾವು ಸಣ್ಣವರಿರುವಾಗ ಬೋಳಾರದ ಮನೆಯಲ್ಲಿ, ಮಧ್ಯಾಹ್ನ, ಇವಳು ಚಾಪೆಯಲ್ಲಿ ಮಲಗಿದ್ದಳು, ಜರಿಹುಳು ಬಂದು ಇವಳ ಕುತ್ತಿಗೆ ಹತ್ತುತ್ತಾ ಇತ್ತು, ಕೋಲು ಹುಡುಕ್ಲಿಕ್ಕೆ ಪುರ್ಸೊತ್ತಿಲ್ಲ, ಪಪ್ಪ ಬರಿಗೈಯಲ್ಲೇ ಹಿಡಿದ್ರು, ಅದು ಕಚ್ಚಿದ್ದು ಇಲ್ಲಿ, ಸರೀ ಇಲ್ಲಿ, ಅದಕ್ಕೇ ನಾನೂ ಇಲ್ಲೇ ಹಾಕಿಸಿದ್ದು. ಯಾರಿಗೂ ಹೇಳಿರಲಿಲ್ಲವಲ್ಲ ಇವನು, ವೀಡಿಯೊದ ಕೆಳಗೂ ಬರೆದಿರಲಿಲ್ಲ. ಅವಳಿಗೆ ಆಗ ಐದು ವರ್ಷ, ಎಚ್ಚರಾದಾಗ ಕಂಡದ್ದು ಪಪ್ಪನ ಮುಷ್ಟಿ, ಬೆರಳ ಸಂದಿಯಲ್ಲಿ ಒದ್ದಾಡುವ ಕಾಲುಗಳು, ಮೂರು ದಿನ ಆ ಕೈ ಬಾತು ಪಪ್ಪ ಎಡಗೈಯಲ್ಲಿ ಗಂಜಿ ಕುಡಿದರು. ತಂಗಿಯದ್ದೂ ಓ ನೆಗೆಟಿವ್ ಸಿಸ್ಟರ್, ಅವಳದ್ದು ತೆಗೊಳ್ಳಬಹುದಲ್ಲ. ಅವರಿಗೆ ಆರು ತಿಂಗಳ ಹಿಂದೆ ಜಾಂಡಿಸ್ ಆಗಿತ್ತಲ್ಲ, ಬೆಳಿಗ್ಗೆ ಫಾರ್ಮಿನಲ್ಲಿ ಬರೆದಿದ್ದಾರೆ. ಜಾಂಡಿಸೂ ಇಲ್ಲ, ಎಂತದೂ ಇಲ್ಲ, ಬೆಳಿಗ್ಗೆ ಪಕ್ಕದ ಮಂಚದಲ್ಲಿ ಯಾರದೋ ತೋಳಿಗೆ ದಪ್ಪ ಸೂಜಿ ಇಳಿಯುವುದನ್ನು ಕಂಡಳು, ಬೆವತಳು, ಫಾರ್ಮಿನ ಜಾಂಡಿಸ್ ಪ್ರಶ್ನೆಗೆ ಹೌದು ಎಂಬಲ್ಲಿ ಗುರುತು ಹಾಕಿದಳು, ಅಷ್ಟೇ, ಅಣ್ಣ ಹೇಗೂ ಬರುತ್ತಾನಲ್ಲ ಎಂದುಕೊಂಡಳು, ಹೇಡಿ, ಒಂದು ಸೂಜಿಗೆ ಹೆದರಿ ಅಪ್ಪನ ರಕ್ತಕ್ಕೇ ಸುಳ್ಳು ಬರೆದವಳು, ಇಷ್ಟು ಹೊತ್ತು ಮೂಗು ತಿರುಗಿಸಿದ್ದು ಯಾರಿಗೆ. ಎಂತ ಮಾರಾಯ್ತಿ, ಜಾಂಡಿಸ್ ಆದದ್ದು ನನಗೆ ಹೇಳಲೇ ಇಲ್ಲ ನೀನು, ಈಗ ಹುಷಾರುಂಟಲ್ಲ. ನಂಬಿಬಿಟ್ಟ, ದಡ್ಡ, ಬೈಯಬಾರದೇ, ಹಣೆ ಮುಟ್ಟಿ ನೋಡುತ್ತಿದ್ದಾನೆ ಆ ಕೈಯಲ್ಲಿ. ಬೇರೆ ಯಾರಾದ್ರೂ ಉಂಟಾ, ಸಿಸ್ಟರ್ ಕೇಳುತ್ತಿದ್ದಾರೆ, ನಾನಿದ್ದೇನೆ ಅನ್ನಬೇಕು, ಬರೆದದ್ದು ಸುಳ್ಳು ಅನ್ನಬೇಕು, ಕಣ್ಣು ಆ ದಪ್ಪ ಸೂಜಿಯ ಮಂಚದ ಕಡೆಗೇ ಹೋಗುತ್ತಿದೆ — ಪಪ್ಪನ ಮುಷ್ಟಿ, ಬಿಡಿ ಅದನ್ನು, ಬಿಡಿ ಎಂದು ಅಮ್ಮ ಕೂಗುತ್ತಿದ್ದಾಳೆ, ಮೊದಲು ಮಗುವನ್ನು ಎತ್ತು ಎನ್ನುತ್ತಿದ್ದಾರೆ ಪಪ್ಪ, ಬೆರಳ ಸಂದಿಯಲ್ಲಿ ಕಾಲುಗಳು — ಆ ಮುಷ್ಟಿ, ಅವಳನ್ನು ಎತ್ತುವವರೆಗೂ ಬಿಚ್ಚದ ಮುಷ್ಟಿ —