ಅಣ್ಣ ಹೇಳಿದ ಹನ್ನೊಂದು

ಗಿಟಾರಿನ ಫುಟ್ ಕಂಟ್ರೋಲರನ್ನು ಪುಟ್ಟಿ ಎರಡು ವಾರ ಕಾರಿನ ಡಿಕ್ಕಿಯಲ್ಲೇ ಬಚ್ಚಿಟ್ಟಿದ್ದಳು. ನಲವತ್ತಾರು ವರ್ಷದ, ಅರ್ಧ ತಲೆ ನರೆತ ಹೆಂಗಸನ್ನು ಮೊದಲು ಪುಟ್ಟಿ ಎನ್ನುತ್ತಿದ್ದವನು ಅವಳ ಅಣ್ಣನೊಬ್ಬನೇ. ಅವನ ಬಾಯಲ್ಲಿ ಕೇಳಿ ಕೇಳಿ ವಾದ್ಯತಂಡದವರಿಗೂ ಅದೇ ರೂಢಿಯಾಗಿ, ಈಗ ಅವಳ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು.

ಪುಟ್ಟಿ ಗಿಟಾರ್ ನುಡಿಸುವವಳು. ಅಣ್ಣ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಅವಳ ಗಿಟಾರಿನ ದನಿ ಸ್ಪೀಕರಿಗೆ ಹೋಗುವ ಮೊದಲು ಎಫೆಕ್ಟ್ಸ್ ಪ್ರೊಸೆಸರ್ ಎಂಬ ಪೆಟ್ಟಿಗೆಯನ್ನು ಹಾದು ಹೋಗಬೇಕು. ಅದರೊಳಗೆ ಒಂದೊಂದು ನಂಬರಿಗೆ ಒಂದೊಂದು ದನಿ. ಒಂದರಲ್ಲಿ ತಂತಿ ತಿಳಿಯಾಗಿ ನುಡಿದರೆ ಇನ್ನೊಂದರಲ್ಲಿ ಗುರುಗುಟ್ಟುತ್ತದೆ, ಮತ್ತೊಂದರಲ್ಲಿ ಬಾವಿಯೊಳಗಿಂದ ಕೂಗಿದಂತೆ ಮೊಳಗುತ್ತದೆ. ಹಾಡಿನ ನಡುವೆ ಸರಿಯಾದ ಗಳಿಗೆಯಲ್ಲಿ ನಂಬರು ಬದಲಾಗಬೇಕು. ಹದಿನಾರು ವರ್ಷ ಆ ಕೆಲಸ ಅಣ್ಣನದು. ವೇದಿಕೆಯ ಪಕ್ಕದ ಪರದೆ ಮರೆಯಲ್ಲಿ ಪುಟ್ಟ ಮೇಜು ಹಾಕಿಕೊಂಡು ಕೂತು, ಅವಳ ಭುಜ ಅಲುಗಿದ್ದು ನೋಡಿಯೇ ಗುಂಡಿ ತಿರುಗಿಸುತ್ತಿದ್ದ. ಪುಟ್ಟಿಯ ಕಾಲು ತಾಳ ಹಾಕುವುದು ಬಿಟ್ಟರೆ ಬೇರೆ ಯಾವ ಕೆಲಸವನ್ನೂ ಕಲಿತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಅಣ್ಣನ ಕೈಯಿಂದ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಏಳಲಿಲ್ಲ. ಜೀವ ಉಳಿಯಿತು. ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡ. ಆದರೆ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ, ನಾಲಗೆಗೆ ಬೇಕಾದ ಮಾತು ಸಿಗುತ್ತಿರಲಿಲ್ಲ. ಕನ್ನಡಕ ಬೇಕಾದಾಗ ಏಣಿ ಕೇಳುತ್ತಿದ್ದ. ಅತ್ತಿಗೆ ಏಣಿ ಎಂದರೆ ಕನ್ನಡಕ ಎಂದು ಕಲಿತುಕೊಳ್ಳುವಷ್ಟರಲ್ಲಿ ಕನ್ನಡಕ ಬಕೆಟ್ಟಾಗಿರುತ್ತಿತ್ತು. ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ ಮನೆಯವರಿಗೆ ಹೇಳಿದ್ದರು, "ಅಂಕಿಗಳಂತೂ ತುಂಬಾ ತಪ್ಪುತ್ವೆ. ತಿದ್ದೋಕೆ ಹೋಗ್ಬೇಡಿ, ತಾಳ್ಮೆಯಿಂದ ಇರಿ."

ಅಣ್ಣನಿಲ್ಲದೆ ನುಡಿಸಿದ ಮೊದಲ ಕಾರ್ಯಕ್ರಮದಲ್ಲಿ ಪುಟ್ಟಿ ಪ್ರೊಸೆಸರನ್ನು ಪಕ್ಕದಲ್ಲೇ ಇಟ್ಟುಕೊಂಡು ಹಾಡಿನ ನಡುವೆ ಬಗ್ಗಿ ಬಗ್ಗಿ ಗುಂಡಿ ತಿರುಗಿಸಿದಳು. ಎರಡು ಸಲ ತಾಳ ತಪ್ಪಿತು. ಮೂರನೆಯ ಸಲ ಇಡೀ ತಂಡವೇ ಅವಳಿಗಾಗಿ ಕಾಯಬೇಕಾಯಿತು. ತಂಡದ ಯಜಮಾನನಾದ ಡ್ರಮ್ಮರ್ ಬೈಯಲಿಲ್ಲ. "ಏನಾದ್ರೂ ದಾರಿ ನೋಡ್ಕೋ ಪುಟ್ಟಿ, ಇಲ್ದಿದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗತ್ತೆ" ಎಂದಷ್ಟೇ ಹೇಳಿದ. ಆಗ ಅವಳು ಕಾಲಿನಿಂದ ತುಳಿದು ದನಿ ಬದಲಿಸುವ ಈ ಕಂಟ್ರೋಲರನ್ನು ಹಳೆಯದೊಂದು ಹುಡುಕಿ ತಂದಳು. ತಂದ ಮೇಲೆ ತಿಳಿಯಿತು, ಅದನ್ನು ಪ್ರೊಸೆಸರಿಗೆ ಹೊಂದಿಸಲು ಅಣ್ಣನೇ ಬೇಕು. ಅಣ್ಣನ ಕುರ್ಚಿಯನ್ನು ಎತ್ತಿಡುವ ಕೆಲಸಕ್ಕೆ ಅಣ್ಣನನ್ನೇ ಕರೆಯುವುದು ಹೇಗೆ?

ಮುಂದಿನ ಕಾರ್ಯಕ್ರಮ ಭಾನುವಾರ ಸಂಜೆ ಐದಕ್ಕೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೇರೆ ದಾರಿ ಕಾಣದೆ ಅವಳು ಚೀಲ ಹೊತ್ತು ಅಣ್ಣನ ರಿಪೇರಿ ಕೋಣೆಗೆ ಬಂದಳು.

ಅಣ್ಣ ಚೀಲದ ಜಿಪ್ಪು ಎಳೆದು ಒಳಗೆ ನೋಡಿದ. ಹತ್ತು ಸ್ವಿಚ್ಚುಗಳ ಉದ್ದನೆಯ ಕಬ್ಬಿಣದ ಹಲಗೆ, ಕೊನೆಗೆ ಪಾದವಿಟ್ಟು ಒತ್ತುವ ಒಂದು ಪೆಡಲ್. ಅವನ ಮುಖ ಸಣ್ಣದಾಯಿತು. ತುಂಬಾ ಹೊತ್ತು ಹುಡುಕಿ, "ಚಪ್ಪಲಿ" ಎಂದ.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ನಗುತ್ತಲೇ ಅವನ ಕಣ್ಣು ಒದ್ದೆಯಾಯಿತು. ಅವನು ತಲೆ ತಿರುಗಿಸಿ ಗೋಡೆಗೆ ನೇತುಹಾಕಿದ್ದ ಕೇಬಲ್ಲುಗಳಲ್ಲಿ ಎರಡು ಪೆಟ್ಟಿಗೆಗಳನ್ನು ಜೋಡಿಸುವ ಮಿಡಿ ಕೇಬಲನ್ನು ಎಡಗೈಯಿಂದ ಎಳೆದು ಕೊಟ್ಟ.

"ಹೊರಗೆ... ಒಳಗೆ" ಎಂದು ಬೆರಳು ತೋರಿಸಿದ. ಕಂಟ್ರೋಲರಿನ ಔಟ್‌ನಿಂದ ಪ್ರೊಸೆಸರಿನ ಇನ್‌ಗೆ. ಅಷ್ಟು ಅವಳಿಗೂ ಅರ್ಥವಾಯಿತು. ಸಿಕ್ಕಿಸಿ ತುಳಿದಳು. ಕಂಟ್ರೋಲರಿನ ದೀಪ ಮಿನುಗಿತು, ಪ್ರೊಸೆಸರ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಒಂದು" ಎಂದ ಅಣ್ಣ.

"ಏನು ಒಂದು?"

"ಒಂದು! ಒಂದು!" ಅವನು ಕುರ್ಚಿಯಲ್ಲಿ ಮಿಸುಕಾಡಿ ಬೆರಳೆತ್ತಿದ.

ಪುಟ್ಟಿ ಗಾಬರಿಯಾಗಿ ಬಾಗಿಲಿಗೆ ಓಡಿದಳು. "ಅತ್ತಿಗೇ, ಬೇಗ ಬನ್ನಿ, ಅಣ್ಣನಿಗೆ ಒಂದಕ್ಕೆ ಹೋಗ್ಬೇಕಂತೆ!"

ಅತ್ತಿಗೆ ಒದ್ದೆ ಕೈಯಲ್ಲೇ ಓಡಿ ಬಂದು ಅವನ ತೋಳಿಗೆ ಕೈ ಹಾಕಿದರು. "ಏಳ್ರೀ, ನಿಧಾನ." ಅವನು ಕೊಸರಿಕೊಂಡ. ಹೆಂಡತಿಯ ಕೈಯನ್ನು ದಬ್ಬಿ, ಕೋಲಿನ ತುದಿಯಿಂದ ಕಂಟ್ರೋಲರಿನ ಪುಟ್ಟ ಪರದೆಯನ್ನು ಕುಟ್ಟಿದ. ಅಲ್ಲಿ ಚಾನೆಲ್ ಎಂದಿತ್ತು, ಪಕ್ಕದಲ್ಲಿ ಮೂರು ಎಂದಿತ್ತು. ಹಿಂದೆ ಬಳಸಿದವರು ಯಾರೋ ಹಾಗೆ ಬಿಟ್ಟಿದ್ದರು; ಪ್ರೊಸೆಸರ್ ಕೇಳುತ್ತಿದ್ದುದು ಒಂದನೆಯ ಚಾನೆಲನ್ನು ಮಾತ್ರ. ಪುಟ್ಟಿ ಅದನ್ನು ಒಂದಕ್ಕೆ ತಂದು ತುಳಿದಳು. ಪ್ರೊಸೆಸರಿನ ನಂಬರು ಟಕ್ಕನೆ ಬದಲಾಯಿತು.

ಐವತ್ತೆರಡು ವರ್ಷದ ಗಂಡಸನ್ನು ಮಗುವಿನಂತೆ ಬಚ್ಚಲಿಗೆ ಎಳೆಯಲು ಹೋದದ್ದಕ್ಕೆ ಯಾರು ಯಾರ ಕ್ಷಮೆ ಕೇಳಬೇಕು? ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ಆಮೇಲೆ ನಂಬರುಗಳ ಸರದಿ. ಸಂಜೆಯ ಎಂಟು ಹಾಡಿಗೆ ಬೇಕಾದ ದನಿಗಳ ನಂಬರು ಅಣ್ಣನ ಹಳೆಯ ಪುಸ್ತಕದಲ್ಲಿ ಅಚ್ಚುಕಟ್ಟಾಗಿದ್ದವು. ಒಂದೊಂದು ಸ್ವಿಚ್ಚಿಗೆ ಒಂದೊಂದು ನಂಬರು ತುಂಬಬೇಕು. ಮೊದಲ ಹಾಡಿನ ಗುರುಗುಟ್ಟುವ ದನಿಗೆ ಪುಸ್ತಕದಲ್ಲಿ ಹನ್ನೆರಡು ಎಂದಿತ್ತು. ಪುಟ್ಟಿ ಹನ್ನೆರಡು ತುಂಬಿದಳು.

"ಹನ್ನೊಂದು" ಎಂದ ಅಣ್ಣ.

"ಹನ್ನೆರಡು ಅಣ್ಣ. ನೀನೇ ಬರ್ದಿದೀಯ ನೋಡು."

"ಹನ್ನೊಂದು."

ತಿದ್ದಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಅವಳು "ಹೂಂ ಹೂಂ" ಎಂದು ತಲೆಯಾಡಿಸಿ ಹನ್ನೆರಡನ್ನೇ ಉಳಿಸಿದಳು. ತುಳಿದರೆ ಪ್ರೊಸೆಸರಿನಲ್ಲಿ ಹದಿಮೂರು ಬಂತು. ಅಳಿಸಿ ಮತ್ತೆ ತುಂಬಿದಳು. ಮತ್ತೆ ಹದಿಮೂರು. ಕೇಬಲ್ ಬದಲಿಸಿದಳು, ಎರಡೂ ಪೆಟ್ಟಿಗೆ ಆರಿಸಿ ಹಚ್ಚಿದಳು. ಗಂಟೆ ಹನ್ನೆರಡೂವರೆಯಾಯಿತು. ಅಣ್ಣ ಹನ್ನೊಂದು, ಹನ್ನೊಂದು ಎನ್ನುತ್ತಲೇ ಇದ್ದ. ಕೊನೆಗೆ ಎಡಗೈಯಿಂದ ಮೇಜು ಗುದ್ದಿದ.

"ಸಾಕು ಸುಮ್ನಿರಣ್ಣ!" ಪುಟ್ಟಿ ಕಿರುಚಿದಳು. "ನಿಂಗೀಗ ಎಣ್ಸೋಕೇ ಬರಲ್ಲ, ಗೊತ್ತಾಗಲ್ವಾ ನಿಂಗೆ?"

ಅಣ್ಣ ಅವಳನ್ನೇ ನೋಡಿದ. ಕೋಲು ಊರಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಪುಟ್ಟಿ ಕಂಟ್ರೋಲರಿನ ಮುಂದೆ ಕುಕ್ಕರಿಸಿದಳು. ಏನಾದರೂ ಮಾಡುತ್ತಿರಬೇಕೆಂದು ಸುಮ್ಮನೆ ನಂಬರು ಇಳಿಸುತ್ತ ಹೋದಳು. ಐದು, ನಾಲ್ಕು, ಮೂರು, ಎರಡು, ಒಂದು. ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡರೆ ಇನ್ನೂ ಒಂದು ಮೆಟ್ಟಿಲು ಇಳಿದು ಸೊನ್ನೆಗೆ ಬಂತು. ತುಳಿದಳು. ಪ್ರೊಸೆಸರಿನಲ್ಲಿ ಒಂದು ಬಂತು.

ಕಂಟ್ರೋಲರ್ ಸೊನ್ನೆಯಿಂದ ಎಣಿಸುತ್ತಿತ್ತು, ಪ್ರೊಸೆಸರ್ ಒಂದರಿಂದ. ಅಲ್ಲಿಯ ಹನ್ನೊಂದೇ ಇಲ್ಲಿಯ ಹನ್ನೆರಡು. ಅಣ್ಣ ಇಷ್ಟು ಹೊತ್ತೂ ಅದನ್ನೇ ಹೇಳುತ್ತಿದ್ದ.

ಅವಳು ಒಳಗೆ ಹೋದಾಗ ಅಣ್ಣ ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. "ಹನ್ನೊಂದೇ ಸರಿ ಅಣ್ಣ" ಎಂದಳು. "ನಂದೇ ತಪ್ಪು." ಅವನು ತಿರುಗಲಿಲ್ಲ. ಅವಳು ನೆಲದ ಮೇಲೆ ಕೂತು ಅವನ ಬಲಗೈಯನ್ನು ಹಿಡಿದುಕೊಂಡಳು. ಆ ಕೈಗೆ ಅದು ತಿಳಿಯಿತೋ ಇಲ್ಲವೋ. ಸ್ವಲ್ಪ ಹೊತ್ತಾದ ಮೇಲೆ ಅವನೇ ಎದ್ದ.

ಅಲ್ಲಿಂದ ಮುಂದೆ ಎಲ್ಲ ಸಲೀಸಾಗುತ್ತದೆ ಎಂದು ಪುಟ್ಟಿ ನಂಬಿದ್ದಳು. ಅಣ್ಣ ಹೇಳಿದ್ದೇ ವೇದವಾಕ್ಯ ಎಂದು ಮೂರನೆಯ ಹಾಡಿಗೆ ಅವನು ಹೇಳಿದ ಏಳನ್ನು ಕಣ್ಣುಮುಚ್ಚಿ ತುಂಬಿದಳು. ತುಳಿದರೆ ಬಂದದ್ದು ಬೇರೆ ಯಾವುದೋ ದನಿ. ಪುಸ್ತಕದಲ್ಲಿ ಇಪ್ಪತ್ತು ಎಂದಿತ್ತು. ಈ ಸಲ ನಿಜವಾಗಿಯೂ ಅಣ್ಣನಿಗೇ ಅಂಕಿ ತಪ್ಪಿತ್ತು. ಅವನಿಗದು ತಿಳಿದೊಡನೆ ಮುಖ ಕಪ್ಪಿಟ್ಟಿತು. "ನಾನು... ನಾನು..." ಎಂದು ತಡವರಿಸಿದ.

"ನಂಬರು ಹಾಳಾಗಿ ಹೋಗ್ಲಿ" ಎಂದಳು ಪುಟ್ಟಿ. "ನಾನು ನುಡಿಸ್ತೀನಿ, ನೀನು ಕೇಳು. ಸರಿ ಇದ್ರೆ ತಲೆ ಆಡ್ಸು."

ಅಣ್ಣನ ಕಿವಿಗೆ ಏನೂ ಆಗಿರಲಿಲ್ಲ. ಪುಸ್ತಕದ ನಂಬರಿನಲ್ಲಿ ಒಂದು ಕಳೆದು ತುಂಬುವುದು, ತುಳಿಯುವುದು, ನುಡಿಸುವುದು, ಅವನ ತಲೆ ನೋಡುವುದು. ಹೀಗೆ ಮಧ್ಯಾಹ್ನ ಮೂರರೊಳಗೆ ಎಂಟೂ ಹಾಡು ಮುಗಿದವು. ಕೊನೆಗೆ ಪಾದದ ಪೆಡಲನ್ನು ಅಣ್ಣನೇ ಎಡಗೈಯಿಂದ ಹಿಮ್ಮಡಿಯ ಕಡೆಗೂ ಬೆರಳಿನ ಕಡೆಗೂ ಪೂರ್ತಿ ಒತ್ತಿ, ಸದ್ದು ಎಲ್ಲಿಂದ ಎಲ್ಲಿಯವರೆಗೆ ಏರಬೇಕೆಂದು ಅದಕ್ಕೆ ಕಲಿಸಿದ.

"ಸಂಜೆ ಬರ್ತೀಯಾ? ಪಕ್ಕದಲ್ಲಿ ಕುರ್ಚಿ ಹಾಕಿಸ್ತೀನಿ."

"ಬರಲ್ಲ" ಎಂದ. ಆ ದಿನ ಅಂಕಿಗಳನ್ನು ಬಿಟ್ಟರೆ ಅವನ ಬಾಯಿಂದ ತೊಡರದೆ ಬಂದ ಮಾತು ಅದೊಂದೇ.

ಕಾರ್ಯಕ್ರಮ ನಡೆಯಿತು. ಪುಟ್ಟಿಯ ಕಾಲು ಎರಡು ಕಡೆ ಪಕ್ಕದ ಸ್ವಿಚ್ಚಿಗೆ ಬಿತ್ತಾದರೂ ತಾಳ ತಪ್ಪಲಿಲ್ಲ. ಪರದೆಯ ಕಡೆ ಕತ್ತು ತಿರುಗುತ್ತಲೇ ಇತ್ತು. ಅಲ್ಲಿ ಯಾರೋ ನೀರಿನ ಬಾಟಲಿಗಳನ್ನು ಪೇರಿಸಿಟ್ಟಿದ್ದರು. ಮುಗಿದ ಮೇಲೆ ಡ್ರಮ್ಮರ್ ಬೆನ್ನು ತಟ್ಟಿ, "ಬಚಾವಾದೆ ಪುಟ್ಟಿ. ಇನ್ಮೇಲೆ ಪಾಪ ನಿಮ್ಮಣ್ಣನಿಗೆ ತೊಂದ್ರೆ ಕೊಡ್ಬೇಕಾಗಿಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಪುಟ್ಟಿ ಪೆಟ್ಟಿಗೆ ಕಟ್ಟುವ ನೆಪದಲ್ಲಿ ಅಲ್ಲಿಂದ ಸರಿದಳು.

ತನ್ನ ಮನೆಯ ತಿರುವು ಬಂದರೂ ತಿರುಗದೆ ನೇರ ಅಣ್ಣನ ಮನೆಗೆ ಹೋದಳು. ಏಳೂವರೆಯಾಗಿತ್ತು. ಅಣ್ಣ ಶರ್ಟು ಬದಲಿಸಿ, ತಲೆ ಬಾಚಿಕೊಂಡು ರಿಪೇರಿ ಕೋಣೆಯಲ್ಲಿ ಕೂತಿದ್ದ. "ಆರು ಗಂಟೆಯಿಂದ ಹೀಗೇ ಕೂತಿದಾರೆ, ಊಟಾನೂ ಬೇಡ್ವಂತೆ" ಎಂದರು ಅತ್ತಿಗೆ. ಪುಟ್ಟಿ ಫೋನಿನಲ್ಲಿ ಹಿಡಿದಿದ್ದ ಹಾಡುಗಳನ್ನು ಹಚ್ಚಿದಳು. ಐದನೆಯ ಹಾಡಿನ ನಡುವೆ ಅಣ್ಣ ಕೈಯೆತ್ತಿ ನಿಲ್ಲಿಸಿದ. ಗಿಟಾರಿನ ಮೊಳಗು ಅತಿಯಾಗಿ ಹಾಡುವವಳ ದನಿ ಮುಳುಗಿಹೋಗಿತ್ತು. ವೇದಿಕೆಯ ಮೇಲಿದ್ದ ಯಾರಿಗೂ ಅದು ತಿಳಿದಿರಲಿಲ್ಲ.

ಪುಟ್ಟಿ ಹೊತ್ತು ತಂದಿದ್ದ ಪ್ರೊಸೆಸರನ್ನು ಅಣ್ಣ ಹತ್ತಿರ ಎಳೆದುಕೊಂಡ. ಅದರ ಪುಟ್ಟ ಪರದೆಯಲ್ಲಿ ಮೊಳಗು ಇಳಿಸುವ ಪುಟ ಎಲ್ಲಿದೆಯೆಂದು ಹುಡುಕತೊಡಗಿದ. ಅದೇ ಗುಂಡಿಯನ್ನು ಒತ್ತಿ, ದಾರಿ ತಪ್ಪಿ, ಹಿಂದಕ್ಕೆ ಬಂದು, ಮತ್ತೆ ತಪ್ಪಿದ. ಹತ್ತು ನಿಮಿಷ ಕಳೆಯಿತು. ಪುಟವೆಲ್ಲಿದೆಯೆಂದು ಪುಟ್ಟಿಗೆ ಕಾಣುತ್ತಿತ್ತು. ತುಟಿ ಬಿಗಿಹಿಡಿದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂತಳು.